ಮನೆಯ ಡಬ್ಬಿಯಲ್ಲಿರುವ ಹಳೆಯ ನಾಣ್ಯ, ನೋಟು: ಗುರುತಿಸುವುದು, ಕಾಪಾಡುವುದು, ಬೆಲೆ ತಿಳಿಯುವುದು

ಮಂಗಳೂರಿನ ಹಳೆಯ ಮನೆಗಳಲ್ಲಿ ಕಪಾಟಿನ ಮೇಲೋ ಟ್ರಂಕಿನ ತಳದಲ್ಲೋ ಒಂದು ತಗಡಿನ ಡಬ್ಬಿ ಇರುವುದು ಸಾಮಾನ್ಯ. ಅಜ್ಜನ ಕಾಲದ ಒಂದೆರಡು ಬೆಳ್ಳಿ ರೂಪಾಯಿ, ನಾಲ್ಕಾರು ಒಟ್ಟೆ ಮುಕ್ಕಾಲು, ಗೋವೆಯಿಂದ ಬಂದ ಪೋರ್ಚುಗೀಸ್ ನಾಣ್ಯ, ಕುವೈತ್–ಬಹರೈನ್–ಮಸ್ಕತ್‌ಗಳ ಚಿಲ್ಲರೆ, ನಾಲ್ಕು ಮಡಿಕೆ ಮಾಡಿಟ್ಟ ಇರಾಕಿನ ನೋಟು. ನಮ್ಮದು ಬಂದರಿನ ಊರು. ಮುಂಬಯಿಗೆ, ಕೊಲ್ಲಿಗೆ, ಹಡಗಿಗೆ ದುಡಿಯಲು ಹೋದವರ ಊರು. ಹಾಗಾಗಿ ಇಲ್ಲಿ ನಾಣ್ಯ ಸಂಗ್ರಹ ಶುರುಮಾಡಲು ಮೊದಲೇ ದುಡ್ಡು ಹಾಕಬೇಕಾಗಿಲ್ಲ. ಡಬ್ಬಿ ತೆರೆದು ನೋಡಿದರೆ ಆಯಿತು.

ತೆರೆದ ಕೂಡಲೇ ನಾಣ್ಯಗಳನ್ನು ತೊಳೆಯಬೇಡಿ. ಇದನ್ನು ಎಲ್ಲಕ್ಕಿಂತ ಮೊದಲು ಹೇಳಲು ಕಾರಣವಿದೆ. ದೇವರ ದೀಪಕ್ಕೆ ಹಚ್ಚುವ ಹುಣಸೆಹುಳಿಯನ್ನೇ ತಾಮ್ರದ ಕಾಸಿಗೂ ಹಚ್ಚುವವರಿದ್ದಾರೆ. ಬೆಳ್ಳಿ ರೂಪಾಯಿಗೆ ವಿಭೂತಿ, ಟೂತ್‌ಪೇಸ್ಟ್ ಉಜ್ಜುವವರೂ ಇದ್ದಾರೆ. ನಾಣ್ಯ ಫಳಫಳ ಹೊಳೆಯುತ್ತದೆ ನಿಜ. ಆದರೆ ಭೂತಕನ್ನಡಿಯಲ್ಲಿ ನೋಡಿದರೆ ಮೈತುಂಬ ಕೂದಲೆಳೆಯಂಥ ಗೀರುಗಳು. ಟಂಕಸಾಲೆಯಲ್ಲಿ ಅಚ್ಚು ಒತ್ತಿದಾಗ ಲೋಹಕ್ಕೆ ಬಂದ ಮೂಲ ಹೊಳಪು ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಬೆಳ್ಳಿಯ ಮೇಲಿನ ಕಪ್ಪುಛಾಯೆಯನ್ನು ಸಂಗ್ರಾಹಕರು ‘ಟೋನಿಂಗ್’ ಎನ್ನುತ್ತಾರೆ, ಅಂದರೆ ವಯಸ್ಸಿನಿಂದ ತಾನಾಗಿ ಬಂದ ಬಣ್ಣ. ಅವರ ಕಣ್ಣಿಗೆ ಅದು ಕೊಳೆಯಲ್ಲ. ಉಜ್ಜಿದ ನಾಣ್ಯಕ್ಕೆ ಉಜ್ಜದಿರುವ ನಾಣ್ಯದ ಅರ್ಧ ಬೆಲೆಯೂ ಸಿಗದೆ ಹೋಗಬಹುದು.

ಏನೇನು ಸಿಗಬಹುದು?

ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಯಿಂದ ಶುರುಮಾಡೋಣ. 1835ರಿಂದ ಈಸ್ಟ್ ಇಂಡಿಯಾ ಕಂಪನಿ ತನ್ನ ಆಳ್ವಿಕೆಯ ಪ್ರಾಂತ್ಯಗಳಿಗೆಲ್ಲ ಒಂದೇ ತೂಕದ ರೂಪಾಯಿ ಹೊರಡಿಸಿತು. ತೂಕ 11.66 ಗ್ರಾಂ. ಅದರಲ್ಲಿ ಬೆಳ್ಳಿ ಸುಮಾರು ಶೇ. 91.7. ಮೊದಲು ನಾಲ್ಕನೇ ವಿಲಿಯಂ, ಆಮೇಲೆ ವಿಕ್ಟೋರಿಯಾ, ಏಳನೇ ಎಡ್ವರ್ಡ್, ಐದನೇ ಜಾರ್ಜ್, ಆರನೇ ಜಾರ್ಜ್. ತಲೆ ಬದಲಾದರೂ 1939ರವರೆಗೆ ಬೆಳ್ಳಿ ಕಡಿಮೆಯಾಗಲಿಲ್ಲ. ಯುದ್ಧ ಬಂತು; 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಅರ್ಧವಷ್ಟೇ ಬೆಳ್ಳಿ. 1947ರದ್ದು ಪೂರ್ತಿ ನಿಕ್ಕಲ್, ಹಿಂಬದಿಯಲ್ಲಿ ಹುಲಿ. ಇಸವಿ ನೋಡಿದರೆ ಮನೆಯಲ್ಲೇ ಇಷ್ಟನ್ನು ವಿಂಗಡಿಸಬಹುದು.

ಒಂದು ಇಸವಿಯನ್ನು ಮಾತ್ರ ವಿಶೇಷವಾಗಿ ಹುಡುಕಿ: 1911. ಆ ವರ್ಷದ ರೂಪಾಯಿಯಲ್ಲಿ ಐದನೇ ಜಾರ್ಜ್ ದೊರೆಯ ಎದೆಯ ಮೇಲಿನ ಹಾರದಲ್ಲಿ ಪುಟ್ಟ ಆನೆಯಿದೆ. ಸೊಂಡಿಲು ಗಿಡ್ಡವಾಗಿ ಕೆತ್ತಿದ್ದರಿಂದ ಅದು ಹಂದಿಯಂತೆ ಕಂಡಿತು. ಜನ ಸಿಟ್ಟಾದರು. ಸರಕಾರ ನಾಣ್ಯವನ್ನು ಹಿಂದಕ್ಕೆ ತರಿಸಿ ಕರಗಿಸಿತು, 1912ರಿಂದ ಆನೆಗೆ ಸರಿಯಾದ ಸೊಂಡಿಲು ಬಂತು. ಕರಗದೆ ಉಳಿದ 1911ರ ರೂಪಾಯಿಗೆ ಅದಕ್ಕೇ ಹೆಚ್ಚು ಬೇಡಿಕೆ. ಭೂತಕನ್ನಡಿ ಹಿಡಿದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಒಟ್ಟೆ ಮುಕ್ಕಾಲು ಎಂದರೆ 1943ರಿಂದ 1947ರವರೆಗೆ ಬಂದ, ನಡುವೆ ತೂತಿರುವ ಕಂಚಿನ ಒಂದು ಪೈಸೆ. ಯುದ್ಧಕಾಲದಲ್ಲಿ ಲೋಹ ಉಳಿಸಲು ಮಾಡಿದ್ದು. ರಾಶಿ ರಾಶಿ ಟಂಕಿಸಿದ್ದರಿಂದ ಅದಕ್ಕೆ ದೊಡ್ಡ ಬೆಲೆಯಿಲ್ಲ. ಮಕ್ಕಳಿಗೆ ತೋರಿಸಲು ಮಾತ್ರ ಅದಕ್ಕಿಂತ ಒಳ್ಳೆಯ ನಾಣ್ಯ ಸಿಗಲಿಕ್ಕಿಲ್ಲ.

ಅದಕ್ಕೂ ಹಿಂದಿನದು ಬೇಕೇ? ತುಳುನಾಡಿಗೆ ತನ್ನದೇ ಟಂಕಸಾಲೆಗಳಿದ್ದವು. ಆಳುಪ ಅರಸರ ಚಿನ್ನದ ನಾಣ್ಯಗಳಲ್ಲಿ ಜೋಡಿ ಮೀನಿನ ಗುರುತು, ‘ಶ್ರೀ ಪಾಂಡ್ಯ ಧನಂಜಯ’ ಎಂಬ ಬರಹ ಇವೆ. ವಿಜಯನಗರ ಕಾಲದ ಶಾಸನಗಳು ಬಾರಕೂರು ಗದ್ಯಾಣ, ಮಂಗಳೂರು ಗದ್ಯಾಣ ಎಂದು ಊರಿನ ಹೆಸರಿನಿಂದಲೇ ನಾಣ್ಯಗಳನ್ನು ಕರೆಯುತ್ತವೆ. ಇಕ್ಕೇರಿಯ ನಾಯಕರ ಶಿವ–ಪಾರ್ವತಿಯರ ವರಾಹ ಎಷ್ಟು ಜನಪ್ರಿಯವಾಗಿತ್ತೆಂದರೆ, ಹೈದರಾಲಿ ಆ ನಾಯಕರ ರಾಜಧಾನಿ ನಗರವನ್ನು ಗೆದ್ದ ಮೇಲೂ ಮುಂಬದಿಯ ಚಿತ್ರ ಬದಲಿಸಲಿಲ್ಲ. ಹಿಂಬದಿಯಲ್ಲಿ ತನ್ನ ಹೆಸರಿನ ಪಾರಸಿ ಮೊದಲಕ್ಷರ ಹಾಕಿ ಸುಮ್ಮನಾದ. ಟಿಪ್ಪುವಿನ ಆನೆ ಪೈಸೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕನ್ನಡ ಅಕ್ಷರದ ಕಾಸುಗಳು ಸಂಗ್ರಾಹಕರ ನಡುವೆ ಈಗಲೂ ಓಡಾಡುತ್ತವೆ. ಆದರೆ ಹೊಸಬರು ಚಿನ್ನದ ಪ್ರಾಚೀನ ನಾಣ್ಯಕ್ಕೆ ಕೈಹಾಕುವುದು ಬೇಡ. ನಕಲಿಗಳು ಬಹಳ. ಮೊದಲು ಮ್ಯೂಸಿಯಮ್ಮಿನಲ್ಲಿ ಅಸಲಿ ನೋಡಿ ಕಣ್ಣು ಪಳಗಲಿ.

ಈಗ ನೋಟುಗಳಿಗೆ ಬರೋಣ. ಕರಾವಳಿಯ ಮನೆಗಳಲ್ಲಿ ಸಿಕ್ಕರೆ ನಿಜಕ್ಕೂ ಕುಣಿದಾಡಬಹುದಾದದ್ದು ‘ಗಲ್ಫ್ ರುಪಾಯಿ’. ಒಂದು ಕಾಲಕ್ಕೆ ಕುವೈತ್, ಬಹರೈನ್, ಕತಾರ್, ದುಬೈ, ಒಮಾನ್‌ಗಳಲ್ಲೆಲ್ಲ ನಮ್ಮ ರೂಪಾಯಿಯೇ ನಡೆಯುತ್ತಿತ್ತು. ಆ ನೋಟು ಕೊಟ್ಟು ಚಿನ್ನ ಕಳ್ಳಸಾಗಣೆ ಮಾಡುವುದು ಹೆಚ್ಚಿ ದೇಶದ ವಿದೇಶಿ ವಿನಿಮಯ ಸೋರತೊಡಗಿತು. ಅದಕ್ಕೆ 1959ರಲ್ಲಿ ಭಾರತದೊಳಗೆ ಚಲಾವಣೆಯಾಗದ, ಕೊಲ್ಲಿಗೆ ಮಾತ್ರ ಸೀಮಿತವಾದ ಬೇರೆ ನೋಟುಗಳನ್ನು ಹೊರಡಿಸಿದರು. ಅದೇ ಹೊತ್ತಿಗೆ ಹಜ್ ಯಾತ್ರಿಕರಿಗಾಗಿ 10 ಮತ್ತು 100 ರೂಪಾಯಿಯ ಪ್ರತ್ಯೇಕ ನೋಟೂ ಬಂತು. ಕುವೈತ್ 1961ರಲ್ಲಿ, ಬಹರೈನ್ 1965ರಲ್ಲಿ ಸ್ವಂತ ದಿನಾರ್ ಮಾಡಿಕೊಂಡವು. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾದಾಗ ಉಳಿದವರಲ್ಲಿ ಹೆಚ್ಚಿನವರೂ ಬಿಟ್ಟರು. ಗುರುತಿಸುವುದು ಹೇಗೆ? ಕ್ರಮಸಂಖ್ಯೆಯ ಮೊದಲ ಅಕ್ಷರ ನೋಡಿ. ಇಂಗ್ಲಿಷಿನ ‘ಝಡ್’ ಇದ್ದರೆ ಗಲ್ಫ್ ನೋಟು, ‘ಎಚ್‌ಎ’ ಇದ್ದರೆ ಹಜ್ ನೋಟು. ಬಣ್ಣವೂ ಊರಿನ ನೋಟಿಗಿಂತ ಬೇರೆ. ಹೆಚ್ಚಿನವು ಬ್ಯಾಂಕಿಗೆ ಮರಳಿ ನಾಶವಾದ್ದರಿಂದ ಉಳಿದದ್ದು ಅಪರೂಪ, ಹರಾಜಿನಲ್ಲಿ ದೊಡ್ಡ ಬೆಲೆ ಬರುವುದೂ ಅದಕ್ಕೇ. ಐವತ್ತು–ಅರವತ್ತರ ದಶಕದಲ್ಲಿ ಕೊಲ್ಲಿಗೋ ಹಜ್‌ಗೋ ಹೋಗಿ ಬಂದ ಹಿರಿಯರಿದ್ದ ಮನೆಯವರು ಹಳೆಯ ಪಾಸ್‌ಪೋರ್ಟಿನ ಹಾಳೆಗಳ ನಡುವೆ ಒಮ್ಮೆ ನೋಡಿ.

ಕುವೈತಿನ ಹಳೆಯ ದಿನಾರ್‌ಗಳ ಕತೆ ಬೇರೆ. 1990ರ ಆಗಸ್ಟ್‌ನಲ್ಲಿ ಇರಾಕ್ ದಾಳಿ ಮಾಡಿದಾಗ ಅಲ್ಲಿನ ಬ್ಯಾಂಕಿನ ನೋಟುಗಳೂ ಲೂಟಿಯಾದವು. ವಿಮೋಚನೆಯ ನಂತರ 1991ರಲ್ಲಿ ಕುವೈತ್ ಹೊಸ ನೋಟು ತಂದು ಹಳೆಯದನ್ನು ರದ್ದು ಮಾಡಿತು. ಆಗ ಎಲ್ಲ ಬಿಟ್ಟು ಓಡಿಬಂದವರ ಮನೆಯಲ್ಲಿ ಅಂಥ ನೋಟು ಇನ್ನೂ ಇರಬಹುದು. ಅದನ್ನು ಈಗ ಯಾವ ಎಕ್ಸ್‌ಚೇಂಜ್ ಅಂಗಡಿಯೂ ಬದಲಿಸಿಕೊಡುವುದಿಲ್ಲ. ಸದ್ದಾಂ ಹುಸೇನ್ ಚಿತ್ರದ ಇರಾಕಿ ನೋಟೂ ಅಷ್ಟೇ, 2004ರ ಜನವರಿಗೆ ಬದಲಾವಣೆ ಮುಗಿದಿದೆ. ಎರಡಕ್ಕೂ ಸಂಗ್ರಾಹಕರು ಕೊಡುವುದು ಸಾಧಾರಣ ಬೆಲೆ.

ಊರಿನ ಅಭಿಮಾನಕ್ಕೆ ಒಂದು ನೋಟು ಇಟ್ಟುಕೊಳ್ಳಬೇಕೆಂದರೆ ನನ್ನ ಆಯ್ಕೆ ಬೆನೆಗಲ್ ರಾಮ ರಾವ್ ಅವರ ಸಹಿಯ ನೋಟು. ದಕ್ಷಿಣ ಕನ್ನಡದ ಬೆನೆಗಲ್ ಮನೆತನದ ಇವರು 1949ರಿಂದ 1957ರ ಜನವರಿವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು. ಸಂವಿಧಾನ ರಚನಾ ಸಭೆಯ ಸಲಹೆಗಾರ ಬಿ.ಎನ್. ರಾವ್ ಇವರ ಅಣ್ಣ. ಅಶೋಕ ಸ್ತಂಭದ ಸಿಂಹಗಳಿರುವ ಆ ಕಾಲದ 2, 5, 10 ರೂಪಾಯಿ ನೋಟುಗಳಲ್ಲಿ ಇವರ ಸಹಿ ಸಿಗುತ್ತದೆ. ಇಂದಿನ ನೋಟಿನ ಭಾಷಾಪಟ್ಟಿಯಲ್ಲಿ ಕನ್ನಡವೂ ಇದೆ, ಕೊಂಕಣಿಯೂ ಇದೆ. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಜಾಗ ಸಿಗದ ತುಳುವಿಗೆ ಇಲ್ಲೂ ಜಾಗವಿಲ್ಲ.

ಓದುವುದು, ಗುರುತಿಸುವುದು

ಭಾರತದ ಈಗಿನ ನಾಣ್ಯದಲ್ಲಿ ಇಸವಿಯ ಕೆಳಗೆ ನೋಡಿ. ಅಲ್ಲಿ ಪುಟ್ಟ ವಜ್ರಾಕೃತಿ ಇದ್ದರೆ ಮುಂಬಯಿ ಟಂಕಸಾಲೆ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆಯಿದ್ದರೆ ನೊಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಇದಕ್ಕೆ ‘ಮಿಂಟ್ ಮಾರ್ಕ್’ ಎನ್ನುತ್ತಾರೆ. ಒಂದೇ ಇಸವಿಯ ನಾಣ್ಯವನ್ನು ನಾಲ್ಕೂ ಗುರುತಿನಲ್ಲಿ ಕೂಡಿಸುವುದು ಖರ್ಚಿಲ್ಲದ ಒಳ್ಳೆಯ ಆರಂಭ. ಅಂಗಡಿಯವ ಕೊಟ್ಟ ಚಿಲ್ಲರೆಯೇ ಸಾಕು.

ಕೊಲ್ಲಿಯ ನಾಣ್ಯದ ಅರಬಿ ಅಂಕಿ ಮೊದಲಿಗೆ ಗೊಂದಲ ಮಾಡುತ್ತದೆ. ಅದರಲ್ಲಿ ಸೊನ್ನೆ ಎಂದರೆ ಒಂದು ಚುಕ್ಕೆ. ನಮ್ಮ ಸೊನ್ನೆಯಂತೆ ಕಾಣುವುದು ಐದು. ಇದೊಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಇಸವಿಯೂ ಹಿಜರಿ ಲೆಕ್ಕದಲ್ಲಿರಬಹುದು. ಹಿಜರಿ 1400 ಎಂದರೆ 1979–80. ಥಾಯ್ಲೆಂಡಿನ ನಾಣ್ಯದಲ್ಲಿ ಬುದ್ಧ ಶಕೆ ಇರುತ್ತದೆ, ಅದರಿಂದ 543 ಕಳೆಯಿರಿ. ನೇಪಾಳದ್ದು ವಿಕ್ರಮ ಶಕೆ, 57 ಕಳೆಯಿರಿ.

ದೇಶ ಗೊತ್ತಾದ ಮೇಲೆ ಕ್ಯಾಟಲಾಗ್, ಅಂದರೆ ಪಟ್ಟಿ ಪುಸ್ತಕ ನೋಡಬೇಕು. ಲೋಕದ ನಾಣ್ಯಗಳಿಗೆ ಕ್ರೌಸ್ ಪ್ರಕಾಶನದ ದಪ್ಪ ಪುಸ್ತಕದಲ್ಲಿರುವ ‘ಕೆಎಂ’ ಸಂಖ್ಯೆ, ನೋಟುಗಳಿಗೆ ‘ಪಿಕ್’ ಸಂಖ್ಯೆ ಎಲ್ಲ ಕಡೆ ನಡೆಯುತ್ತವೆ. ಮಾರುವವರು ಈ ಸಂಖ್ಯೆಯಲ್ಲೇ ಮಾತಾಡುತ್ತಾರೆ. ಪುಸ್ತಕ ದುಬಾರಿ. ‘ನ್ಯೂಮಿಸ್ಟಾ’ ಎಂಬ ಜಾಲತಾಣದಲ್ಲಿ ಚಿತ್ರ, ತೂಕ, ಲೋಹ ಎಲ್ಲ ಪುಕ್ಕಟೆ ಸಿಗುತ್ತವೆ. ನಮ್ಮ ರಾಜ್ಯದ ಪ್ರಾಚೀನ ನಾಣ್ಯಗಳಿಗೆ ಡಾ. ಎ.ವಿ. ನರಸಿಂಹಮೂರ್ತಿ ಅವರ ‘ದಿ ಕಾಯಿನ್ಸ್ ಆಫ್ ಕರ್ನಾಟಕ’ ಎಂಬ 1975ರ ಇಂಗ್ಲಿಷ್ ಪುಸ್ತಕ ಇಂದಿಗೂ ಆಧಾರ.

ಹಳೆಯದಾದರೆ ಬೆಲೆ ಹೆಚ್ಚೇ?

ಇಲ್ಲ. ಎಲ್ಲರೂ ಕೇಳುವ ಪ್ರಶ್ನೆ ಇದು, ಎಲ್ಲರೂ ನಿರಾಶರಾಗುವ ಉತ್ತರವೂ ಇದೇ. ನೂರೈವತ್ತು ವರ್ಷದ ತಾಮ್ರದ ಕಾಸು ಚಹಾ–ಬನ್ಸ್‌ನ ಬೆಲೆಗೆ ಸಿಗುತ್ತದೆ. ಅರವತ್ತು ವರ್ಷದ ಗಲ್ಫ್ ನೋಟಿಗೆ ಸಾವಿರಗಟ್ಟಲೆ ಕೊಡುತ್ತಾರೆ. ಬೆಲೆ ಕಟ್ಟುವುದು ಮೂರು ಸಂಗತಿಗಳ ಮೇಲೆ: ಎಷ್ಟು ಉಳಿದಿವೆ, ಎಷ್ಟು ಜನ ಕೇಳುತ್ತಾರೆ, ಯಾವ ಸ್ಥಿತಿಯಲ್ಲಿದೆ.

ಸ್ಥಿತಿಯನ್ನು ಅಳೆಯುವುದಕ್ಕೆ ‘ಗ್ರೇಡಿಂಗ್’ ಎನ್ನುತ್ತಾರೆ. ಚಲಾವಣೆಗೆ ಬಾರದೆ ಟಂಕಸಾಲೆಯಿಂದ ಬಂದಂತೆಯೇ ಇದ್ದರೆ ‘ಅನ್‌ಸರ್ಕ್ಯುಲೇಟೆಡ್’. ಸವೆತ ಹೆಚ್ಚಿದಂತೆ ‘ಎಕ್ಸ್‌ಟ್ರಾ ಫೈನ್’, ‘ವೆರಿ ಫೈನ್’, ‘ಫೈನ್’ ಎಂದು ಕೆಳಗಿಳಿಯುತ್ತದೆ. ಹೆಸರು ಕೇಳಿ ಮೋಸಹೋಗಬೇಡಿ, ‘ಗುಡ್’ ಎಂದರೆ ಈ ಭಾಷೆಯಲ್ಲಿ ಚೆನ್ನಾಗಿ ಸವೆದುಹೋದ ನಾಣ್ಯ. ವಿಕ್ಟೋರಿಯಾ ರೂಪಾಯಿಯಲ್ಲಿ ರಾಣಿಯ ಕಿವಿಯ ಮೇಲಿನ ಕೂದಲಿನ ಎಳೆಗಳು ಬಿಡಿಬಿಡಿಯಾಗಿ ಕಂಡರೆ ಒಳ್ಳೆಯ ಸ್ಥಿತಿ, ಒಂದೇ ಮುದ್ದೆಯಾಗಿದ್ದರೆ ಸಾಧಾರಣ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದ ನಾಣ್ಯ, ಮತ್ತೆ ಕೊಂಡಿ ತೆಗೆದ ನಾಣ್ಯ, ಎರಡಕ್ಕೂ ಲೋಹದ ಬೆಲೆಗಿಂತ ಹೆಚ್ಚೇನೂ ಬರುವುದಿಲ್ಲ. ನೋಟಿನಲ್ಲಿ ಮಡಿಕೆ, ಹರಕು, ಪಿನ್ ತೂತು ನೋಡುತ್ತಾರೆ. ಹಿಂದೆ ಬ್ಯಾಂಕಿನವರೇ ಕಟ್ಟಿಗೆ ಪಿನ್ ಹೊಡೆಯುತ್ತಿದ್ದರಿಂದ ಹಳೆಯ ಭಾರತೀಯ ನೋಟಿಗೆ ಒಂದೆರಡು ತೂತನ್ನು ಯಾರೂ ದೊಡ್ಡದು ಮಾಡುವುದಿಲ್ಲ.

ಬೆಳ್ಳಿ ರೂಪಾಯಿಯ ಕನಿಷ್ಠ ಬೆಲೆ ನೀವೇ ಲೆಕ್ಕ ಹಾಕಬಹುದು. 1939ರವರೆಗಿನ ರೂಪಾಯಿಯಲ್ಲಿ ಶುದ್ಧ ಬೆಳ್ಳಿ ಸುಮಾರು 10.7 ಗ್ರಾಂ, 1940–45ರದ್ದರಲ್ಲಿ ಸುಮಾರು 5.8 ಗ್ರಾಂ. ಆ ದಿನದ ಪೇಪರಿನಲ್ಲಿರುವ ಬೆಳ್ಳಿಯ ದರದಿಂದ ಗುಣಿಸಿ. ಕಾರ್‌ಸ್ಟ್ರೀಟಿನ ಚಿನ್ನದಂಗಡಿಗೆ ಹೋಗುವ ಮೊದಲು ಈ ಲೆಕ್ಕ ಕೈಯಲ್ಲಿರಲಿ. ಪವನು, ಅಂದರೆ ಬ್ರಿಟಿಷ್ ಸಾವರಿನ್ ಇದ್ದರೆ ತೂಕ 7.98 ಗ್ರಾಂ, 22 ಕ್ಯಾರೆಟ್. 1918ರಲ್ಲಿ ಮುಂಬಯಿಯಲ್ಲೇ ಟಂಕಿಸಿದ ಪವನುಗಳಿವೆ. ಅವುಗಳಲ್ಲಿ ‘ಐ’ ಅಕ್ಷರದ ಸಣ್ಣ ಗುರುತಿದೆ. ಕರಗಿಸಲು ಕೊಡುವ ಮೊದಲು ಅದನ್ನು ನೋಡಿ.

ಹೊಸದಾಗಿ ಕೊಳ್ಳುವುದಾದರೆ ಸಾಮಾನ್ಯ ವಿದೇಶಿ ನಾಣ್ಯ ಹತ್ತಿಪ್ಪತ್ತು ರೂಪಾಯಿಗೂ ಸಿಗುತ್ತದೆ. ‘ದೇಶಕ್ಕೊಂದು ನಾಣ್ಯ’ ಎಂಬ ಗುರಿ ಮಕ್ಕಳಿಗೆ ಚೆನ್ನ. ದೊಡ್ಡವರಿಗೆ ನನ್ನ ಸಲಹೆ, ಒಂದು ವಿಷಯ ಹಿಡಿಯಿರಿ. ಕೊಲ್ಲಿ ದೇಶಗಳು, ಪೋರ್ಚುಗೀಸ್ ಗೋವಾ, ಹಡಗಿನ ಚಿತ್ರವಿರುವ ನಾಣ್ಯಗಳು, ಸ್ಮಾರಕ ನಾಣ್ಯಗಳು, ಯಾವುದಾದರೂ ಆದೀತು. ಬಸವೇಶ್ವರರ ಮತ್ತು ಕುದ್ರೋಳಿ ದೇವಸ್ಥಾನಕ್ಕೆ ಕಾರಣರಾದ ನಾರಾಯಣ ಗುರುಗಳ 5 ರೂಪಾಯಿ ನಾಣ್ಯಗಳು 2006ರಲ್ಲಿ ಬಂದಿವೆ. ಹೊಸ ಸ್ಮಾರಕ ನಾಣ್ಯಗಳ ಸೆಟ್ಟನ್ನು ಸರಕಾರಿ ಟಂಕಸಾಲೆಗಳ ಜಾಲತಾಣದಲ್ಲೇ ನೇರವಾಗಿ ತರಿಸಬಹುದು.

ಕರಾವಳಿಯ ಹವೆಯಲ್ಲಿ ಇಡುವುದು ಹೇಗೆ?

ನಮ್ಮ ದೊಡ್ಡ ಶತ್ರು ಉಪ್ಪುಗಾಳಿ ಮತ್ತು ಮಳೆಗಾಲ. ತಾಮ್ರಕ್ಕೆ ಹಸಿರು ಕಿಲುಬು, ನೋಟಿಗೆ ಬೂಷ್ಟು. ನಾಣ್ಯವನ್ನು ಅಂಚು ಹಿಡಿದೇ ಎತ್ತಿ, ಬೆರಳಿನ ಬೆವರು ಮುಖಕ್ಕೆ ತಾಗದಿರಲಿ. ‘ಪಿವಿಸಿ’ ಎಂಬ ಮೆತ್ತನೆಯ ಪ್ಲಾಸ್ಟಿಕ್ಕಿನ ಅಗ್ಗದ ಆಲ್ಬಂ ಬೇಡ. ವರ್ಷಗಳಾದ ಮೇಲೆ ಅದು ಜಿಗುಟಾಗಿ ನಾಣ್ಯಕ್ಕೆ ಹಸಿರು ಲೇಪ ಹಚ್ಚುತ್ತದೆ. ನಡುವೆ ಪಾರದರ್ಶಕ ಹಾಳೆಯಿರುವ ರಟ್ಟಿನ ಚೌಕಗಳು ಸಿಗುತ್ತವೆ. ಒಂದಕ್ಕೆ ಕೆಲವೇ ರೂಪಾಯಿ. ಅದರ ಮೇಲೆ ದೇಶ, ಇಸವಿ, ಯಾರಿಂದ ಬಂತು ಎಂದು ಬರೆದಿಡಬಹುದು. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಜೂನ್‌ಗೆ ಮೊದಲೇ ಹೊಸದು ಬದಲಿಸಿ. ನುಸಿಗುಳಿಗೆಯನ್ನು ಪ್ಲಾಸ್ಟಿಕ್ ಹಾಳೆಗಳ ಜೊತೆ ಇಡಬೇಡಿ. ನೋಟಿಗೆ ಸೆಲ್ಲೊಟೇಪ್ ಅಂಟಿಸುವುದು, ಇಸ್ತ್ರಿ ಹಾಕುವುದು, ಲ್ಯಾಮಿನೇಶನ್ ಮಾಡಿಸುವುದು ಬೇಡವೇ ಬೇಡ. ಲ್ಯಾಮಿನೇಶನ್ ಮಾಡಿಸಿದ ನೋಟು ಸಂಗ್ರಾಹಕನ ಪಾಲಿಗೆ ಸತ್ತಂತೆ.

ಕಾನೂನು ಏನನ್ನುತ್ತದೆ?

ನಾಣ್ಯ ಸಂಗ್ರಹ ತಪ್ಪಲ್ಲ. ಕೆಲವು ಗೆರೆಗಳಿವೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅಂಥವನ್ನು ವ್ಯಾಪಾರವಾಗಿ ಮಾರಲು ಪರವಾನಗಿ ಬೇಕು, ದೇಶದ ಹೊರಗೆ ಒಯ್ಯುವಂತಿಲ್ಲ. ಅಂದರೆ ಐದನೇ ಜಾರ್ಜನ ಮೊದಲ ವರ್ಷಗಳ ರೂಪಾಯಿಗಳೂ ಈಗ ಈ ಸಾಲಿಗೆ ಸೇರಿವೆ. ರಜೆಗೆ ಬಂದ ಮಗ ಅಜ್ಜಿಯ ನೆನಪಿಗೆಂದು ಬ್ಯಾಗಿನಲ್ಲಿ ಹಾಕಿಕೊಂಡು ಬಜ್ಪೆಯಲ್ಲಿ ವಿಮಾನ ಹತ್ತುವುದು ಬೇಡ.

ತೋಟ ಅಗೆಯುವಾಗ, ಬಾವಿ ತೋಡುವಾಗ ನಾಣ್ಯದ ಮಡಕೆ ಸಿಕ್ಕರೆ ಅದು ನಿಧಿ. ಜಿಲ್ಲಾಧಿಕಾರಿಗೆ ತಿಳಿಸಬೇಕು. ಬಚ್ಚಿಟ್ಟರೆ ಶಿಕ್ಷೆಯಿದೆ. 2016ರಲ್ಲಿ ರದ್ದಾದ 500, 1000ದ ನೋಟುಗಳನ್ನು ಒಟ್ಟು 10ಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಧ್ಯಯನಕ್ಕೆ, ನಾಣ್ಯಸಂಗ್ರಹಕ್ಕೆ 25ರವರೆಗೆ ಅವಕಾಶ. ಮೀರಿದರೆ ಅದು ಸಣ್ಣ ಸಂಗತಿಯೇನಲ್ಲ, 10,000 ರೂಪಾಯಿ ಅಥವಾ ಮುಖಬೆಲೆಯ ಐದು ಪಟ್ಟು, ಯಾವುದು ಹೆಚ್ಚೋ ಅಷ್ಟರವರೆಗೆ ದಂಡ. ವಿದೇಶಿ ನಾಣ್ಯಕ್ಕೆ ಮಿತಿಯಿಲ್ಲ. ಚಲಾವಣೆಯಲ್ಲಿರುವ ವಿದೇಶಿ ನೋಟು ಮಾತ್ರ 2,000 ಅಮೆರಿಕನ್ ಡಾಲರಿನ ಮೌಲ್ಯ ಮೀರಬಾರದು.

ಮೋಸದ ವಿಷಯ. ಟ್ರ್ಯಾಕ್ಟರ್ ಚಿತ್ರದ 5 ರೂಪಾಯಿ ನೋಟಿಗೆ, ವೈಷ್ಣೋದೇವಿ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ ಎಂಬ ವಿಡಿಯೊಗಳು ನಿಮ್ಮ ಮೊಬೈಲಿಗೂ ಬಂದಿರುತ್ತವೆ. ಕರೆ ಮಾಡಿದರೆ ಮೊದಲು ‘ನೋಂದಣಿ ಶುಲ್ಕ’ ಕೇಳುತ್ತಾರೆ, ಆಮೇಲೆ ‘ಜಿಎಸ್‌ಟಿ’. ರಿಸರ್ವ್ ಬ್ಯಾಂಕಿನ ಹೆಸರಿನ ನಕಲಿ ಪತ್ರವನ್ನೂ ಕಳಿಸುತ್ತಾರೆ. ಇಂಥ ವ್ಯವಹಾರ ತಾನು ಮಾಡುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಪ್ರಕಟಣೆ ಕೊಟ್ಟಿದೆ. ಒಂದು ಬದಿ ರಾಮ–ಸೀತೆ ಅಥವಾ ಹನುಮಂತ, ಇನ್ನೊಂದು ಬದಿ ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದಿರುವ ಬಿಲ್ಲೆಗಳನ್ನು ಕಂಪನಿ ಎಂದೂ ಟಂಕಿಸಿಲ್ಲ. ಅಕ್ಕಿಯನ್ನು ಎಳೆಯುವ ‘ರೈಸ್ ಪುಲ್ಲಿಂಗ್’ ನಾಣ್ಯ ಎಂಬುದು ಪೂರ್ತಿ ಕಟ್ಟುಕತೆ. ದುಡ್ಡು ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಬೆಳ್ಳಿಯನ್ನು ಮನೆಯಲ್ಲೇ ಪರೀಕ್ಷಿಸಲು ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಬೆಳ್ಳಿಯಲ್ಲ. ಅಂಟದಿದ್ದರೆ ಬೆಳ್ಳಿಯೇ ಎಂದೂ ಅಲ್ಲ. ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. 11.66 ಗ್ರಾಮಿಗಿಂತ ಬಹಳ ಕಡಿಮೆಯೋ ಹೆಚ್ಚೋ ಬಂದರೆ ಅನುಮಾನಿಸಿ.

ಎಲ್ಲಿ ನೋಡಬಹುದು?

ಲೈಟ್‌ಹೌಸ್ ಹಿಲ್‌ನ ಸಂತ ಅಲೋಶಿಯಸ್ ಸಂಸ್ಥೆಯ ‘ಅಲೋಶಿಯಂ’ ಮ್ಯೂಸಿಯಂ 1913ರಲ್ಲಿ ಇಟಲಿಯ ಪಾದ್ರಿ ಕಿಯಾಪಿ ಅವರಿಂದ ಆರಂಭವಾದದ್ದು. ಬೇರೆ ಬೇರೆ ದೇಶಗಳ ನಾಣ್ಯ ಅಲ್ಲಿವೆ. ಬಿಜೈಯ ಶ್ರೀಮಂತಿಬಾಯಿ ಸ್ಮಾರಕ ಸರಕಾರಿ ಮ್ಯೂಸಿಯಂ, ಧರ್ಮಸ್ಥಳದ ಮಂಜೂಷಾ ಕೂಡ ನೋಡತಕ್ಕವು. ನಾಣ್ಯಕ್ಕೆಂದೇ ಹೋಗುವುದಾದರೆ ಉಡುಪಿಗೆ ಹೋಗಿ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಸ್ಥಾಪಿಸಿದ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯನ್ನೇ ಬ್ಯಾಂಕು ನಾಣ್ಯ ಮ್ಯೂಸಿಯಂ ಮಾಡಿತು. ಬ್ಯಾಂಕು 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗಿದೆ. ಪ್ರಾಚೀನ ಕಾಲದಿಂದ ಇಂದಿನವರೆಗಿನ ನಾಣ್ಯಗಳನ್ನು ಒಂದೇ ಕಡೆ ಕಾಲಕ್ರಮದಲ್ಲಿ ನೋಡಲು ನಮ್ಮ ಕಡೆ ಇದಕ್ಕಿಂತ ಅನುಕೂಲದ ಜಾಗ ಇನ್ನೊಂದಿಲ್ಲ. ಹೊರಡುವ ಮೊದಲು ಸಮಯ ವಿಚಾರಿಸಿಕೊಳ್ಳಿ.

ಕೊಡುಕೊಳ್ಳುವವರ ಪರಿಚಯ ಬೇಕೆಂದರೆ ನಗರದ ಅಂಚೆಚೀಟಿ–ನಾಣ್ಯ ಸಂಗ್ರಾಹಕರ ಕೂಟಗಳಿಗೆ, ಅವರು ನಡೆಸುವ ಪ್ರದರ್ಶನಗಳಿಗೆ ಹೋಗಿ. ಪಾಂಡೇಶ್ವರದ ಪ್ರಧಾನ ಅಂಚೆ ಕಚೇರಿಯ ಅಂಚೆಚೀಟಿ ವಿಭಾಗದಲ್ಲಿ ಕೇಳಿದರೆ ಇಂಥವರ ಸುಳಿವು ಸಿಗುತ್ತದೆ. ಸ್ಟಾಂಪು ಕೂಡಿಸುವವರಲ್ಲಿ ಅನೇಕರು ನಾಣ್ಯವನ್ನೂ ಕೂಡಿಸುತ್ತಾರೆ. ಮೊದಲ ಸಲ ಹೋಗುವಾಗ ಮನೆಯ ಡಬ್ಬಿಯನ್ನೇ ಹೊತ್ತುಕೊಂಡು ಹೋಗಬೇಡಿ. ಎರಡೂ ಬದಿಯ ಸ್ಪಷ್ಟ ಫೋಟೊ, ತೂಕ ಬರೆದ ಒಂದು ಚೀಟಿ, ಇಷ್ಟಿದ್ದರೆ ಸಾಕು. ಒಬ್ಬರು ಹೇಳಿದ ಬೆಲೆಗೆ ಅಲ್ಲೇ ಒಪ್ಪದೆ ಇನ್ನಿಬ್ಬರನ್ನು ಕೇಳಿದ ಮೇಲೆ ನಿರ್ಧರಿಸಿ.